ನೀಲಿ ಅಳಿಸಲು ಹೋದರೆ ಮಿನಾರಿಗೂ ತೂತು

ಎಲ್ಲರಿಗೂ ಶರಣು. ಈಗ ಕಾಣುತ್ತಿರುವುದು ನಮ್ಮ ಬೀದರಿನ ಮಹಮೂದ್ ಗವಾನ್ ಮದರಸಾ, 1472ರ ಕಟ್ಟಡ. ಹಿಂದಿನ ಮೋಡಗಳು ಮಾತ್ರ ಆ ದಿನದ್ದಲ್ಲ. ಅವತ್ತು ಆಕಾಶ ಬರೀ ನೀಲಿ. ಮೋಡ ಬಂದದ್ದು ಎಡಿಟಿಂಗ್‌ನಲ್ಲಿ.

ನಾನು ಬಳಸುವುದು ಡಾವಿಂಚಿ ರಿಸಾಲ್ವ್ ಎಂಬ ವಿಡಿಯೊ ಎಡಿಟಿಂಗ್ ಸಾಫ್ಟ್‌ವೇರ್. ಈ ಕೆಲಸಕ್ಕೆ ಫ್ರೀ ವರ್ಷನ್ ಸಾಕು. ಕಲರ್ ಪೇಜಿನಲ್ಲಿ ಕ್ವಾಲಿಫೈಯರ್, ಅಂದರೆ ಒತ್ತಿದ ಬಣ್ಣವನ್ನೇ ಹುಡುಕಿ ಆರಿಸುವ ಟೂಲ್, ತಗೊಂಡು ಆಕಾಶದ ಮೇಲೆ ಒತ್ತಿದೆ. ಆಯ್ಕೆಯಾದದ್ದನ್ನು ತೋರಿಸುವ ಹೈಲೈಟ್ ಆನ್ ಮಾಡಿದರೆ ಏನಾಗಿದೆ ನೋಡಿ. ಆಕಾಶದ ಜೊತೆಗೆ ಮಿನಾರಿನಲ್ಲೂ ಅಲ್ಲಲ್ಲಿ ತೂತು. ಅಲ್ಲಿ ಇನ್ನೂ ಉಳಿದಿರುವ ಟೈಲ್ಸ್ ನೀಲಿ ಅಲ್ವಾ, ಅದಕ್ಕೆ. ಹೀಗೆ ಆರಿಸಿದ್ದನ್ನು ಕೀ ಅಂತಾರೆ. ಈ ಕೀಗೆ ಮಿನಾರೂ ಗೊತ್ತಿಲ್ಲ, ಆಕಾಶವೂ ಗೊತ್ತಿಲ್ಲ. ಗೊತ್ತಿರುವುದು ಬಣ್ಣ ಒಂದೇ.

ರೇಂಜ್ ಕಡಿಮೆ ಮಾಡಿದರೆ ಟೈಲ್ಸ್ ಉಳಿಯುತ್ತವೆ, ಆದರೆ ಆಕಾಶದ ಕೆಳಭಾಗ ಬಿಟ್ಟುಹೋಗುತ್ತದೆ. ಅಲ್ಲಿ ನೀಲಿ ತೆಳು. ಸುಮ್ನೆ ಸ್ಲೈಡರ್ ಎಳೆದಾಡುತ್ತಾ ಕೂರಬೇಡಿ, ಮಾಸ್ಕ್ ಹಾಕಿ. ರಿಸಾಲ್ವ್‌ನಲ್ಲಿ ಅದಕ್ಕೆ ಪವರ್ ವಿಂಡೋ ಅಂತಾರೆ. ಪೆನ್ ಹಿಡಿದು ಮಿನಾರಿನ ಸುತ್ತ ಗೆರೆ ಎಳೆದು, ಇನ್ವರ್ಟ್ ಮಾಡಿದೆ. ಇನ್ನು ಗೆರೆಯ ಒಳಗಿನದ್ದನ್ನು ಕೀ ಮುಟ್ಟುವುದಿಲ್ಲ. ಅಂಚು ನೇರವಾಗಿದೆ, ಹಾಗಾಗಿ ಅಂಚನ್ನು ಮೃದು ಮಾಡುವ ಫೆದರ್ ಚೂರೇ ಚೂರು. ಪಕ್ಕದ ಮರದ ಎಲೆಗಳಿಗೆ ಮಾತ್ರ ಮಾಸ್ಕ್ ಹಾಕಲು ಹೋಗಬೇಡಿ, ತಲೆ ಕೆಟ್ಟುಹೋಗುತ್ತದೆ. ಎಲೆ ನೀಲಿ ಅಲ್ಲವಲ್ಲ, ಅದನ್ನು ಕೀಗೇ ಬಿಡಿ.

ನಡೆಯುತ್ತಾ ತೆಗೆದ ಶಾಟ್, ಅದಕ್ಕೆ ಗೆರೆಯನ್ನು ಮಿನಾರಿನ ಜೊತೆಗೇ ಸರಿಸುವ ಟ್ರ್ಯಾಕರ್ ಓಡಿಸಿದೆ. ಜನ ಅಡ್ಡ ಬಂದ ಕಡೆ ಗೆರೆಯನ್ನು ಕೈಯಲ್ಲೇ ಸರಿಸಬೇಕು. ಕೊನೆಗೆ ಕೀ ಇನ್ವರ್ಟ್ ಮಾಡಿ ಆಲ್ಫಾ ಔಟ್‌ಪುಟ್‌ಗೆ (ಯಾವ ಭಾಗ ಪಾರದರ್ಶಕ ಅಂತ ಹೇಳುವುದು ಇದೇ) ಜೋಡಿಸಿ, ಮೋಡದ ಕ್ಲಿಪ್ಪನ್ನು ಕೆಳಗಿನ ಟ್ರ್ಯಾಕಿನಲ್ಲಿ ಇಟ್ಟರೆ ಆಯಿತು. ಕಟ್ಟಡಕ್ಕೆ ಬಿಸಿಲು ಬಿದ್ದ ಕಡೆಯಿಂದಲೇ ಮೋಡಕ್ಕೂ ಬಿದ್ದಿರಲಿ. ಇದನ್ನು ಜಾಸ್ತಿ ಜನ ನೋಡುವುದೇ ಇಲ್ಲ.

ಮುಂದಿನ ಶಾಟ್ ಬಿದ್ರಿ ಹೂಜಿ, ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ನಮ್ಮ ಬೀದರಿನ ಕಲೆ. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಕೋಟೆಯ ಮಣ್ಣು, ನವಸಾಗರ ಸೇರಿಸಿದ ನೀರು ತಾಗಿದರೆ ಆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಇಲ್ಲಿ ಬಣ್ಣದಿಂದ ಏನೂ ಆಗುವುದಿಲ್ಲ. ಕ್ವಾಲಿಫೈಯರ್‌ನಲ್ಲಿ ಹ್ಯೂ (ಬಣ್ಣ), ಸ್ಯಾಚುರೇಶನ್ (ಬಣ್ಣದ ಗಾಢತೆ) ಎರಡನ್ನೂ ಆಫ್ ಮಾಡಿ ಲ್ಯುಮಿನೆನ್ಸ್ (ಬೆಳಕು) ಒಂದನ್ನೇ ಇಟ್ಟೆ. ಬೆಳ್ಳಿಯ ಬಳ್ಳಿಯಷ್ಟೇ ಎದ್ದು ಬಂತು, ಅಂಚೂ ಎಷ್ಟು ನಯ ನೋಡಿ. ಅದಕ್ಕೂ ಕಾರಣ ಇದೆ. ಸಾಮಾನ್ಯವಾಗಿ ಮೊಬೈಲ್ ವಿಡಿಯೊ 4:2:0. ಬೆಳಕಿನ ಲೆಕ್ಕ ಪ್ರತಿ ಪಿಕ್ಸೆಲ್‌ಗೂ ಇರುತ್ತದೆ, ಬಣ್ಣದ ಲೆಕ್ಕ 4 ಪಿಕ್ಸೆಲ್‌ಗೆ ಒಂದೇ. ಗ್ರೀನ್ ಸ್ಕ್ರೀನ್ ಮುಂದೆ ಕೂದಲ ಅಂಚು ಹಲ್ಲುಹಲ್ಲಾಗಿ ಕಾಣುವುದು ಬಹಳ ಸಲ ಇದರಿಂದಲೇ.

ತೊಂದರೆ ಕೊಟ್ಟದ್ದು ಹೂಜಿ ಮಾಡುವ ಕಾಕಾನ ಅಂಗಡಿಯ ಟ್ಯೂಬ್‌ಲೈಟ್. ಅದರ ಹೊಳಪು ಕಪ್ಪು ಭಾಗದ ಮೇಲೆ ಬಿದ್ದಿತ್ತು. ಅದನ್ನೂ ಕೀ ಬೆಳ್ಳಿ ಅಂತಲೇ ಹಿಡಿಯುತ್ತದೆ.

"ಕಾಕಾ, ಒಂದ್ ನಿಮಿಷ ಲೈಟ್ ಬಂದ್ ಮಾಡ್ತೀರೇನ್ರಿ?"

"ಮತ್ತ ನಾ ಕೆಲಸ ಹೆಂಗ ಮಾಡ್ಲಿ?"

ಆದರೂ ಬಂದ್ ಮಾಡಿ, ಹೂಜಿ ಎತ್ತಿಕೊಂಡು ಕಿಟಕಿ ಹತ್ತಿರ ಬಂದು ಕೂತರು. ಆ ಶಾಟಿಗೆ ಮಾಸ್ಕ್ ಹಾಕಿಲ್ಲ.