ಕೇರಿಯ ಬೋರಿಂಗಿನಿಂದ ದೆಹಲಿಯವರೆಗೆ: ನಜೀರ್ ಸಾಬರನ್ನು ನೆನೆದು

(ಗ್ರಾಮ ಪಂಚಾಯಿತಿ ಸದಸ್ಯೆಯರ ತರಬೇತಿ ಶಿಬಿರದಲ್ಲಿ ಮಾಡಿದ ಉಪನ್ಯಾಸ)

ಅಕ್ಕತಂಗಿಯರೇ, ಎಲ್ಲರಿಗೂ ನಮಸ್ಕಾರ.

ಇಷ್ಟು ಜನ ಹೆಣ್ಣುಮಕ್ಕಳು ಪಂಚಾಯಿತಿಗೆ ಗೆದ್ದು ಬಂದು ಒಂದೇ ಕಡೆ ಕೂತಿರುವುದನ್ನು ನೋಡಿ ನನಗೆ ತುಂಬ ಸಂತೋಷ. 1987ರಲ್ಲಿ ನಾನು ಮಂಡಲ ಪಂಚಾಯಿತಿಗೆ ಆರಿಸಿ ಬಂದಾಗ ಮೊದಲ ಸಭೆಗೆ ಹೋಗುವ ದಿನ ಬೆಳಗ್ಗೆಯಿಂದ ಕೈ ನಡುಗುತ್ತಿತ್ತು. ನಿಮ್ಮಲ್ಲಿ ಕೆಲವರಿಗೆ ಈಗಲೂ ಹಾಗೇ ಆಗುತ್ತಿರಬಹುದು, ಅಲ್ವಾ? ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಅಬ್ದುಲ್ ನಜೀರ್ ಸಾಬರ ಬಗ್ಗೆ. ಗುಂಡ್ಲುಪೇಟೆಯವರು, ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಮಂತ್ರಿಯಾಗಿದ್ದವರು. ಹಳ್ಳಿಯವರ ಬಾಯಲ್ಲಿ ಅವರ ಹೆಸರು ನೀರ್ ಸಾಬ್. ಮೈಸೂರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ಅವರ ಹೆಸರೇ ಇದೆ. ತರಬೇತಿಗೆ ಅಂತ ನಿಮ್ಮಲ್ಲಿ ಹಲವರು ಅಲ್ಲಿಗೆ ಹೋಗಿ ಬಂದಿರುತ್ತೀರಿ. ಗೇಟಿನ ಮೇಲೆ ಓದಿದ ಆ ಹೆಸರಿನ ಹಿಂದೆ ಏನಿದೆ ಅಂತ ಸ್ವಲ್ಪ ಹೇಳುತ್ತೇನೆ.

ಮೊದಲು ನೀರಿನ ಮಾತು.

ನಾನು ಸೊಸೆಯಾಗಿ ಬಂದದ್ದು ಬಯಲುಸೀಮೆಯ ಒಂದು ಸಣ್ಣ ಊರಿಗೆ. ಊರಿಗೆಲ್ಲ ಒಂದೇ ಸೇದುವ ಬಾವಿ. ಬೇಸಿಗೆಯಲ್ಲಿ ಹಗ್ಗ ಉದ್ದ ಆಗುತ್ತಾ ಹೋಗುತ್ತಿತ್ತು, ಬಿಂದಿಗೆಗೆ ಬರುವ ನೀರು ಕಡಿಮೆ ಆಗುತ್ತಾ ಬರುತ್ತಿತ್ತು. ರಾತ್ರಿ ಎರಡು ಗಂಟೆಗೆ ಎದ್ದು ಹೋದರೆ ತಳದಲ್ಲಿ ಊರಿದ ನೀರು ನಾಲ್ಕು ಕೊಡ ಸಿಗುತ್ತಿತ್ತು. ಕೇರಿಯ ಹೆಂಗಸರಿಗೆ ಅದೂ ಇಲ್ಲ. ಅವರು ಬಾವಿಯಿಂದ ದೂರ ಕೊಡ ಇಟ್ಟುಕೊಂಡು ಕೂರಬೇಕು. ಯಾರಾದರೂ ಮನಸ್ಸು ಮಾಡಿ ಮೇಲಿಂದ ಹೊಯ್ದರೆ ನೀರು, ಇಲ್ಲದಿದ್ದರೆ ಇಲ್ಲ. ನಾನು ಅದನ್ನು ದಿನಾ ನೋಡಿದ್ದೇನೆ. ನೋಡಿಕೊಂಡೇ ಸುಮ್ಮನಿದ್ದೆ. ಇವತ್ತು ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಇದಕ್ಕಿಂತ ಕಷ್ಟ ಇತ್ತು. ಅಲ್ಲಿ ಮೆಟ್ಟಿಲ ಬಾವಿಗಳು. ನೀರಿಗೆ ಕಾಲಿಟ್ಟು ಇಳಿದೇ ಕೊಡ ತುಂಬಬೇಕು. ಆ ನೀರಿನಿಂದ ನಾರು ಹುಣ್ಣು ಬರುತ್ತಿತ್ತು. ಬಾವಿ ನೀರಿನ ಜೊತೆ ಮರಿಹುಳು ಹೊಟ್ಟೆ ಸೇರಿ, ಸುಮಾರು ಒಂದು ವರ್ಷ ಒಳಗೇ ಬೆಳೆದು, ಕಾಲಿನಲ್ಲಿ ಬೊಬ್ಬೆ ಎದ್ದು, ದಾರದ ಹಾಗೆ ಹೊರಗೆ ಬರುತ್ತಿತ್ತು. ಆ ಕಾಲಿನಲ್ಲೇ ಮತ್ತೆ ಬಾವಿಗೆ ಇಳಿದರೆ ಹುಳು ನೀರಿಗೆ ಮರಿ ಬಿಡುತ್ತಿತ್ತು. ಊರಿಗೇ ರೋಗ. ಇದಕ್ಕೆ ಮಾತ್ರೆ ಇರಲಿಲ್ಲ, ಲಸಿಕೆಯೂ ಇರಲಿಲ್ಲ. ನೀರು ಸೋಸಿ ಕುಡಿಯಬೇಕು, ಮೆಟ್ಟಿಲ ಬಾವಿ ಬಿಟ್ಟು ಬೋರಿಂಗಿಗೆ ಹೋಗಬೇಕು. ಹಾಗೆ ಮಾಡಿಯೇ ದೇಶದಲ್ಲಿ ಕೊನೆಯ ರೋಗಿ ಕಂಡದ್ದು 1996ರಲ್ಲಿ. 2000ದಲ್ಲಿ ಭಾರತ ಆ ರೋಗದಿಂದ ಮುಕ್ತ ಅಂತ ಘೋಷಣೆ ಆಯಿತು. ಹಳ್ಳಿಯ ಒಂದು ಕೈಪಂಪು ಏನು ಮಾಡಬಲ್ಲದು ನೋಡಿ.

1983ರ ಜನವರಿಯಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರ ಬಂತು. ನಜೀರ್ ಸಾಬರಿಗೆ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ ಸಿಕ್ಕಿತು. ಈಗ ಈ ಖಾತೆಗೆ ಎಷ್ಟು ಪೈಪೋಟಿ ಇದೆ ಅಂತ ನಿಮಗೆ ಗೊತ್ತು. ಆಗ ಅದಕ್ಕೆ ಇಷ್ಟು ತೂಕ ಇರಲಿಲ್ಲ. ಆ ತೂಕ ಬಂದದ್ದು ಸಾಬರ ಕೆಲಸದಿಂದ. ದಶಕದ ನಡುವೆ ಸಾಲು ಸಾಲು ಬರ ಬಂತು. ಊರೂರಿಗೆ ರಿಗ್ ಲಾರಿಗಳು ಬಂದವು. ನಮ್ಮೂರಿಗೂ ಒಂದು ಬಂತು. ಕೊರೆದದ್ದು ಕೇರಿಯಲ್ಲಿ. ಬೂದುಬಣ್ಣದ ಕೆಸರು ಚಿಮ್ಮಿ, ಆಮೇಲೆ ತಿಳಿನೀರು ಬಂದಾಗ ಮಕ್ಕಳೆಲ್ಲ ಅದರ ಕೆಳಗೇ ನಿಂತು ನೆನೆದರು. ಮುಂದಿನ ಬೇಸಿಗೆಯಲ್ಲಿ ಸೇದುವ ಬಾವಿ ಬತ್ತಿತು. ಊರಿನ ಹೆಂಗಸರು ಕೊಡ ಹಿಡಿದು ಕೇರಿಯ ಬೋರಿಂಗಿಗೆ ಹೋದೆವು. ಅವರು ಯಾರೂ ನಮ್ಮನ್ನು ದೂರ ಕೂರಿಸಲಿಲ್ಲ. ಸಾಲಿನಲ್ಲಿ ನಿಲ್ಲಿ ಅಂದರು, ಅಷ್ಟೇ.

ಇನ್ನು ಪಂಚಾಯಿತಿಯ ಮಾತು. ನನ್ನ ಪ್ರಕಾರ ಇದು ನೀರಿನ ಮಾತೇ.

ಬೋರ್ ಕೊರೆಯುವುದು ಒಂದು ದಿನದ ಕೆಲಸ. ಅದನ್ನು ಓಡಿಸುವುದು ದಿನದಿನದ ಕೆಲಸ. ನಮ್ಮ ಬೋರಿಂಗಿನ ವಾಷರ್ ಸವೆದು ಪಂಪು ಕೆಟ್ಟಾಗ ಊರಿನವರು ಅರ್ಜಿ ಬರೆದು ತಾಲ್ಲೂಕಿಗೆ ಕಳಿಸಿದರು. ಅರ್ಜಿ ಅಲ್ಲಿಂದ ಮೇಲೆ ಹೋಯಿತು, ಮೇಲಿಂದ ಇನ್ನೂ ಮೇಲೆ ಹೋಯಿತು. ಮೂರು ತಿಂಗಳಾದರೂ ಯಾರೂ ಬರಲಿಲ್ಲ. ಒಂದು ಚರ್ಮದ ವಾಷರ್‌ಗೆ ಮೂರು ತಿಂಗಳು! ಆ ಮೂರು ತಿಂಗಳು ನಾವು ಮತ್ತೆ ರಾತ್ರಿ ಎರಡು ಗಂಟೆಗೆ ಎದ್ದೆವು. ಪಂಪು ಎಲ್ಲಿದೆಯೋ ಅಲ್ಲೇ ಅದರ ಮೇಲಿನ ಅಧಿಕಾರವೂ ಇರಬೇಕು. ನಜೀರ್ ಸಾಬರು ತಂದ ಪಂಚಾಯಿತಿ ಕಾನೂನನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ.

ಆ ಕಾನೂನು ವಿಧಾನಮಂಡಲದಲ್ಲಿ 1983ರಲ್ಲೇ ಪಾಸಾಯಿತು. ರಾಷ್ಟ್ರಪತಿಗಳ ಒಪ್ಪಿಗೆ ಸಿಕ್ಕಿ ಜಾರಿಗೆ ಬಂದದ್ದು 1985ರಲ್ಲಿ. ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಹೆಚ್ಚು ಕಡಿಮೆ ಹತ್ತು ಸಾವಿರ ಜನಸಂಖ್ಯೆಗೆ ಒಂದು ಮಂಡಲ ಪಂಚಾಯಿತಿ, ಅದಕ್ಕೊಬ್ಬ ಪ್ರಧಾನ. ಜಿಲ್ಲೆಗೊಂದು ಜಿಲ್ಲಾ ಪರಿಷತ್ತು. ಅದರ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ. ಅವರ ಕೈಕೆಳಗೆ ಡಿ.ಸಿ.ಗಿಂತ ಹಿರಿಯ ಐಎಎಸ್ ಅಧಿಕಾರಿ ಮುಖ್ಯ ಕಾರ್ಯದರ್ಶಿ. ಹಳ್ಳಿಯವರು ಆರಿಸಿದ ಮನುಷ್ಯನ ಮುಂದೆ ಅಷ್ಟು ದೊಡ್ಡ ಅಧಿಕಾರಿ ಫೈಲ್ ಹಿಡಿದು ನಿಲ್ಲುವುದು ಅಂದರೆ ಆ ಕಾಲಕ್ಕೆ ಸಾಮಾನ್ಯ ಮಾತಲ್ಲ. ಕಾನೂನಿನ ಜೊತೆಗೆ ಜಿಲ್ಲೆಗೆ ಹಣವೂ ಬಂತು, ನೌಕರರೂ ಬಂದರು. ಬರೀ ಹೆಸರಿನ ಅಧಿಕಾರ ಕೊಟ್ಟು ಕೈ ತೊಳೆದುಕೊಳ್ಳಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಈಗ ಆಗುತ್ತಿರುವುದು ಹೆಚ್ಚಾಗಿ ಅದೇ.

ಮತ್ತೆ, ಹೆಂಗಸರಿಗೆ ನೂರಕ್ಕೆ 25 ಸ್ಥಾನ. ಆ 25ರಲ್ಲಿ ನಾನೂ ಒಬ್ಬಳು.

ಮೊದಲ ಸಭೆಯಲ್ಲಿ ನಾನು ಬಾಯಿ ಬಿಡಲಿಲ್ಲ. ಎರಡನೆಯದರಲ್ಲಿ ಎದ್ದು ನಿಂತು ವಾಷರ್ ಬಗ್ಗೆ ಕೇಳಿದೆ. ಯಾರೋ ನಕ್ಕರು. ಪ್ರಧಾನರು ನಗಲಿಲ್ಲ. ಅವರ ಮನೆ ನಮ್ಮ ಪಕ್ಕದ ಊರಲ್ಲೇ. ಸಂತೆಗೆ ಬಂದರೆ ನಮ್ಮ ಕಣ್ಣಿಗೆ ಬೀಳಲೇಬೇಕು, ತಪ್ಪಿಸಿಕೊಳ್ಳುವ ಹಾಗಿಲ್ಲ. ನಾಲ್ಕನೇ ದಿನ ಮೆಕ್ಯಾನಿಕ್ ಬಂದ. ಆಮೇಲೆ ಶಾಲೆಯ ವಿಷಯ ಬಂತು. ಮೇಷ್ಟ್ರು ಬಂದರೋ ಇಲ್ಲವೋ ಅಂತ ಸದಸ್ಯರು ಹೋಗಿ ನೋಡಲು ಶುರು ಮಾಡಿದರು. ಶಾಲೆಯಲ್ಲಿ, ಆಸ್ಪತ್ರೆಯಲ್ಲಿ ಹಾಜರಿ ಸುಧಾರಿಸಿತು. ಯಾರನ್ನೂ ಶಿಕ್ಷಿಸಬೇಕಾಗಲಿಲ್ಲ. ಕೇಳುವವರು ಹತ್ತಿರ ಇದ್ದಾರೆ ಅಂತ ಗೊತ್ತಾದರೆ ಅರ್ಧ ಕೆಲಸ ತಾನಾಗಿಯೇ ಆಗುತ್ತದೆ.

1988ರಲ್ಲಿ ನಜೀರ್ ಸಾಬರು ಕ್ಯಾನ್ಸರ್‌ನಿಂದ ತೀರಿಕೊಂಡರು. ಅವತ್ತು ಕೇರಿಯ ಬೋರಿಂಗಿನ ಹತ್ತಿರ ಯಾರೋ ಪಂಪಿನ ಹಿಡಿಗೆ ಒಂದು ಹೂವಿನ ಹಾರ ಹಾಕಿದ್ದರು.

ಮುಂದಿನದನ್ನು ಅವರು ನೋಡಲಿಲ್ಲ. ಕರ್ನಾಟಕದ ಪ್ರಯೋಗವನ್ನು ದೇಶವೇ ಗಮನಿಸುತ್ತಿತ್ತು. 1989ರಲ್ಲಿ ರಾಜೀವ್ ಗಾಂಧಿಯವರ ಸರ್ಕಾರ ಪಂಚಾಯತ್ ರಾಜ್‌ಗಾಗಿ 64ನೇ ತಿದ್ದುಪಡಿ ಮಸೂದೆ ತಂದಿತು. ಅದು ರಾಜ್ಯಸಭೆಯಲ್ಲಿ ಬಿದ್ದುಹೋಯಿತು. ನರಸಿಂಹ ರಾವ್ ಪ್ರಧಾನಿಯಾಗಿದ್ದಾಗ, 1992ರ ಡಿಸೆಂಬರ್‌ನಲ್ಲಿ 73ನೇ ತಿದ್ದುಪಡಿ ಪಾಸಾಯಿತು. 1993ರ ಏಪ್ರಿಲ್ 24ಕ್ಕೆ ಜಾರಿ. ಅದಕ್ಕೇ ಪ್ರತಿ ವರ್ಷ ಆ ದಿನ ಪಂಚಾಯತ್ ರಾಜ್ ದಿನ ಮಾಡುತ್ತೇವೆ. ಹೆಂಗಸರಿಗೆ ಮೂರರಲ್ಲಿ ಒಂದು ಪಾಲು ದೇಶಕ್ಕೆಲ್ಲ ಬಂತು. ನಮ್ಮ ರಾಜ್ಯದಲ್ಲಿ ಈಗ ಅದು ಅರ್ಧಕ್ಕೆ ಏರಿದೆ. ಗ್ರಾಮಸಭೆಗೆ ಸಂವಿಧಾನದಲ್ಲೇ ಜಾಗ ಸಿಕ್ಕಿತು. 11ನೇ ಅನುಸೂಚಿ ಅಂತ ಹೊಸದು ಸೇರಿಸಿ, ಪಂಚಾಯಿತಿಗೆ ಕೊಡಬಹುದಾದ 29 ವಿಷಯ ಬರೆದರು. ತೆಗೆದು ಓದಿ. 10ನೆಯದು ಹಳ್ಳಿಯ ವಸತಿ. 11ನೆಯದು ಕುಡಿಯುವ ನೀರು.

ಇದನ್ನೆಲ್ಲ ಒಬ್ಬರೇ ಮಾಡಿದರು ಅಂತ ನಾನು ಹೇಳುವುದಿಲ್ಲ. ಪಂಚಾಯತ್ ರಾಜ್ ಹೇಗಿರಬೇಕು ಅಂತ ಹೇಳಿದ ಬಲವಂತರಾಯ್ ಮೆಹ್ತಾ, ಅಶೋಕ್ ಮೆಹ್ತಾ ಸಮಿತಿಗಳ ವರದಿಗಳು ಮೊದಲೇ ಇದ್ದವು. ಪಶ್ಚಿಮ ಬಂಗಾಳದಲ್ಲಿ 1978ರಲ್ಲೇ ಪಂಚಾಯಿತಿ ಚುನಾವಣೆ ಆಗಿತ್ತು. ಆದರೂ ಗುಂಡ್ಲುಪೇಟೆಯ ಒಬ್ಬ ಮನುಷ್ಯ ನೀರಿನ ಬಿಂದಿಗೆ ಹಿಡಿದು ಹೊರಟು, ದೆಹಲಿಯ ಕಾನೂನಿಗೆ ದಾರಿ ತೋರಿಸಿದವರ ಸಾಲಿನಲ್ಲಿ ನಿಂತರು. ಅದು ನನಗೆ ದೊಡ್ಡದು.

ಈಗ ಎರಡು ಕಷ್ಟದ ಮಾತು ಹೇಳಬೇಕು.

ಒಂದು, ಆ ಬೋರುಗಳ ನೀರು. ಕುಡಿಯಲು ಕೊರೆದದ್ದರ ಅಕ್ಕಪಕ್ಕ ತೋಟಕ್ಕೆ, ಗದ್ದೆಗೆ ಅಂತ ಲೆಕ್ಕವಿಲ್ಲದಷ್ಟು ಕೊರೆದೆವು. ನೀರು ಸಾವಿರ ಅಡಿಗೆ ಇಳಿಯಿತು. ಕೋಲಾರ, ಪಾವಗಡದ ಕಡೆ ಫ್ಲೋರೈಡ್ ಜಾಸ್ತಿ. ಹಲ್ಲು ಕಂದಾಗುತ್ತದೆ, ಮೂಳೆ ಬಾಗುತ್ತದೆ. ಈಗ ಕೇಂದ್ರದ ಜಲಜೀವನ್ ಯೋಜನೆಯಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಅಂತ ಮನೆಮನೆಗೆ ನಲ್ಲಿ ಬಂದಿದೆ. ನಲ್ಲಿಯ ಹಿಂದಿರುವ ನೀರು ಎಲ್ಲಿಯದು ಅಂತ ಕೇಳಬೇಕಾದವರು ನೀವು. ಕೆರೆಗೆ ಬರುವ ಕಾಲುವೆ ಯಾರ ಜಮೀನಿನಲ್ಲಿ ಮುಚ್ಚಿಹೋಗಿದೆ ಅಂತ ಗೊತ್ತಿರುವವರೂ ನೀವೇ.

ಎರಡನೆಯದು ಚುನಾವಣೆ. 1992ರಲ್ಲಿ ನಮ್ಮ ಅವಧಿ ಮುಗಿದಾಗ ಹೊಸ ಚುನಾವಣೆ ಬರಲಿಲ್ಲ. ಆಡಳಿತಾಧಿಕಾರಿ ಬಂದರು. ಮರುವರ್ಷದ ಕೊನೆಗೆ ಗ್ರಾಮ ಪಂಚಾಯಿತಿ ಚುನಾವಣೆ ಆಗುವ ತನಕ ಊರಿನ ಪಂಪು ಕೆಟ್ಟರೆ ಮತ್ತೆ ಅರ್ಜಿ ಬರೆಯುವ ಕೆಲಸ. ಹಾಗೆ ಆಗಬಾರದು ಅಂತಲೇ ಸಂವಿಧಾನದಲ್ಲಿ 243-ಇ ವಿಧಿ ಬಂತು. ಐದು ವರ್ಷ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಅಂತ ಅದು ಹೇಳುತ್ತದೆ. ನಮ್ಮ ರಾಜ್ಯದ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ಆಯಿತು. 2021ರಲ್ಲಿ ಅವಧಿ ಮುಗಿಯಿತು. ಅಲ್ಲಿಂದ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಆಡಳಿತಾಧಿಕಾರಿಗಳೇ ನಡೆಸಿದರು. ಒಂದು ಪಕ್ಷದ ತಪ್ಪು ಅಂತ ಹೇಳಲಾರೆ, ಸರ್ಕಾರ ಬದಲಾದರೂ ಕತೆ ಬದಲಾಗಲಿಲ್ಲ. ನಜೀರ್ ಸಾಬರ ನಾಡಿನಲ್ಲೇ ಹೀಗಾದದ್ದು ನನಗೆ ತುಂಬ ನೋವಿನ ವಿಷಯ. ನಿಮ್ಮ ಸಾಮಾನ್ಯ ಸಭೆಯಲ್ಲಿ ಈ ಬಗ್ಗೆ ಠರಾವು ಮಾಡಬಹುದು. ಮಾಡಿ, ನಡವಳಿಯಲ್ಲಿ ಬರೆಸಿ, ಪ್ರತಿ ಇಟ್ಟುಕೊಳ್ಳಿ.

ಸಹಿ ಹಾಕುವ ಮುಂಚೆ ಓದಿ. ಓದಲು ಬರದಿದ್ದರೆ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಹತ್ತಿರ ಗಟ್ಟಿಯಾಗಿ ಓದಿಸಿ. ಮನೆಯ ಗಂಡಸರು "ನೀನು ಸುಮ್ನೆ ಕೂರು, ನಾನು ನೋಡ್ಕೋತೀನಿ" ಅಂದರೆ, ಗೆದ್ದವರು ಯಾರು ಅಂತ ಕೇಳಿ. ನಾನು ಕೇಳಿದ್ದೆ. ಎರಡು ದಿನ ಮನೆಯಲ್ಲಿ ಮಾತಿರಲಿಲ್ಲ. ಮೂರನೇ ದಿನ ನನ್ನ ಯಜಮಾನರೇ ಸೈಕಲ್ ಮೇಲೆ ಸಭೆಗೆ ಬಿಟ್ಟು, ಹೊರಗೆ ಕಟ್ಟೆ ಮೇಲೆ ಕೂತು ಕಾದರು.

ಊಟಕ್ಕೆ ಇನ್ನೂ ಅರ್ಧ ಗಂಟೆ ಇದೆ. ನಿಮ್ಮ ಪಂಚಾಯಿತಿಯ ಕ್ರಿಯಾ ಯೋಜನೆ ತಂದಿದ್ದೀರಲ್ಲ, ಹಾಳೆ ತೆಗೆಯಿರಿ. ಕುಡಿಯುವ ನೀರು ಅಂತ ಬರೆದಿರುವ ಸಾಲು ಹುಡುಕಿ. ಅದರ ಎದುರು ಎಷ್ಟು ಹಣ ಇದೆ, ಯಾವ ಕೇರಿಯ ಹೆಸರು ಇದೆ, ಯಾವುದು ಬಿಟ್ಟುಹೋಗಿದೆ ಅಂತ ಒಬ್ಬೊಬ್ಬರೇ ಎದ್ದು ಓದಿ. ಈ ಕಡೆಯ ಮೊದಲ ಸಾಲಿನಿಂದ ಶುರು ಮಾಡೋಣ.