ಟೋಪಿ ಹಾಕೋರಿಗೆ ಚಳ್ಳೆಹಣ್ಣು ತಿನ್ನಿಸಿದವರು

ನಮಸ್ಕಾರ. ಸ್ಕ್ರೀನ್ ಮೇಲೆ ಕಾಣ್ತಿರೋದು ನನ್ನ ಸ್ಪ್ಯಾಮ್ ಫೋಲ್ಡರ್‌ನಲ್ಲಿ ಬಿದ್ದಿದ್ದ ಒಂದು ಇಮೇಲ್. ಸ್ವಲ್ಪ ಜೂಮ್ ಮಾಡ್ತೀನಿ. ಬರೆದವರು ತಾವೊಬ್ಬ ವಕೀಲರು ಅಂತಾರೆ. ಅವರ ಕಕ್ಷಿದಾರ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದಾನಂತೆ. ವಾರಸುದಾರರಿಲ್ಲ, ಬ್ಯಾಂಕಲ್ಲಿ ಲಕ್ಷಾಂತರ ಡಾಲರ್ ಹಾಗೇ ಬಿದ್ದಿದೆ, ನಾನು ಸಂಬಂಧಿ ಅಂತ ಸಹಿ ಹಾಕಿದ್ರೆ ಅದರಲ್ಲಿ ನನಗೊಂದು ಪಾಲು. ಇದೆಲ್ಲ ನಿಮಗೂ ಗೊತ್ತಿರೋ ಕತೆನೇ. ನೀವು ನೋಡಬೇಕಾದ್ದು ಕೊನೆಗಿರೋ ಈ ಸಾಲು: ‘ದಯವಿಟ್ಟು ಈ ವಿಷಯ ಯಾರ ಹತ್ರಾನೂ ಹೇಳಬೇಡಿ.’ ಇಡೀ ಮೋಸ ನಿಂತಿರೋದು ಈ ಸಾಲಿನ ಮೇಲೆ. ಹೆಂಡತಿಗೋ, ಮಗನಿಗೋ, ಪಕ್ಕದ ಮನೆಯವರಿಗೋ ಒಂದು ಮಾತು ಹೇಳಿಬಿಟ್ರೆ ಆಟ ಅಲ್ಲಿಗೇ ಮುಗೀತು.

ಉತ್ತರ ಕೊಟ್ಟ ಮೊದಲ ದಿನವೇ ಇವರು ದುಡ್ಡು ಕೇಳಲ್ಲ. ನಿಮ್ಮ ಆರೋಗ್ಯ ವಿಚಾರಿಸ್ತಾರೆ, ದೇವರ ಹೆಸರು ಹೇಳ್ತಾರೆ, ಸೀಲು ಹೊಡೆದ ಕಾಗದ ಕಳಿಸ್ತಾರೆ. ಆಮೇಲೆ ಒಂದು ಸಣ್ಣ ಅಫಿಡವಿಟ್ ಫೀಸು. ಅದು ಕಟ್ಟಿದ ಮೇಲೆ ಟ್ರಾನ್ಸ್‌ಫರ್ ಚಾರ್ಜು, ಆಮೇಲೆ ತೆರಿಗೆ, ಆಮೇಲೆ ಈ ಹಣಕ್ಕೂ ಭಯೋತ್ಪಾದನೆಗೂ ಸಂಬಂಧ ಇಲ್ಲ ಅನ್ನೋ ಸರ್ಟಿಫಿಕೇಟು. ಅಷ್ಟು ಹೊತ್ತಿಗೆ ಕಟ್ಟಿದವರಿಗೆ ಬರೋ ಕೋಟಿಗಿಂತ ಹೋದ ಲಕ್ಷದ್ದೇ ಚಿಂತೆ. ಅದನ್ನ ಉಳಿಸ್ಕೊಳ್ಳೋಕೆ ಅಂತ ಇನ್ನೊಂದು ಕಂತು ಕಟ್ತಾರೆ. ನಮ್ಮಲ್ಲಿ ಇದೇ ಮೇಲ್ ರಿಸರ್ವ್ ಬ್ಯಾಂಕ್ ಹೆಸರಲ್ಲೂ ಬರುತ್ತೆ. ರಿಸರ್ವ್ ಬ್ಯಾಂಕ್ ಜನಸಾಮಾನ್ಯರ ಖಾತೆ ಇಟ್ಕೊಳ್ಳೋದೇ ಇಲ್ಲ, ಅದನ್ನ ಅವರೇ ಎಷ್ಟೋ ಸಲ ಪ್ರಕಟಣೆ ಕೊಟ್ಟು ಹೇಳಿದ್ದಾರೆ.

ದುಡ್ಡು ಕಳ್ಕೊಂಡವರಿಗೆ ‘ದುರಾಸೆಗೆ ಬಿದ್ದ್ರು, ಅನುಭವಿಸಲಿ’ ಅನ್ನೋರನ್ನ ಕಂಡ್ರೆ ನನಗೆ ತುಂಬಾ ಬೇಜಾರಾಗುತ್ತೆ. ಬ್ರೆಜಿಲ್‌ನಲ್ಲಿ ಬ್ಯಾಂಕೊ ನೊರೊಯೆಸ್ಟೆ ಅಂತ ಒಂದು ಬ್ಯಾಂಕಿತ್ತು. 1995ರಿಂದ 1998ರ ಮಧ್ಯೆ ಅದರ ಒಬ್ಬ ಉನ್ನತ ಅಧಿಕಾರಿಯೇ ಇಂಥವರ ಬಲೆಗೆ ಬಿದ್ದು 24 ಕೋಟಿ ಡಾಲರ್‌ಗೂ ಹೆಚ್ಚು ಬ್ಯಾಂಕಿನ ಹಣ ಕಳಿಸಿದ್ರು. ನೈಜೀರಿಯಾದ ಇಮ್ಯಾನುಯೆಲ್ ನ್ವುಡೆ ಅಲ್ಲಿನ ಸೆಂಟ್ರಲ್ ಬ್ಯಾಂಕ್ ಗವರ್ನರ್ ವೇಷ ಹಾಕಿ, ರಾಜಧಾನಿ ಅಬುಜಾದಲ್ಲಿ ಹೊಸ ವಿಮಾನ ನಿಲ್ದಾಣ ಕಟ್ತಿದ್ದೀವಿ ಅಂತ ನಂಬಿಸಿದ್ದ. ಅಂಥ ನಿಲ್ದಾಣದ ಯೋಜನೆಯೇ ಇರಲಿಲ್ಲ. 2005ರಲ್ಲಿ ಅವನಿಗೆ ಶಿಕ್ಷೆ ಆಯ್ತು. ದಿನಾ ಕೋಟಿಗಟ್ಟಲೆ ಲೆಕ್ಕ ನೋಡೋ ಬ್ಯಾಂಕರ್‌ಗೇ ಹೀಗಾದ್ಮೇಲೆ, ಪಿಂಚಣಿ ನಂಬಿಕೊಂಡ ಒಬ್ಬ ಹಿರಿಯರನ್ನ ಯಾವ ಬಾಯಲ್ಲಿ ಬೈಯೋದು?

ಹಾಗಾದ್ರೆ ಇಷ್ಟು ಜಾಣರ ಮೇಲ್ ಇಷ್ಟು ಪೆದ್ದುಪೆದ್ದಾಗಿ ಯಾಕಿರುತ್ತೆ? ಮೈಕ್ರೋಸಾಫ್ಟ್ ರಿಸರ್ಚ್‌ನ ಕಾರ್ಮಕ್ ಹರ್ಲಿ 2012ರಲ್ಲಿ ಇದಕ್ಕೊಂದು ವಿವರಣೆ ಕೊಟ್ರು. ಮೇಲ್ ಕಳಿಸೋಕೆ ಖರ್ಚಿಲ್ಲ. ಖರ್ಚು ಶುರುವಾಗೋದು ಉತ್ತರ ಬಂದ್ಮೇಲೆ, ಯಾಕಂದ್ರೆ ಪ್ರತಿಯೊಬ್ಬರ ಜೊತೆಗೂ ಒಬ್ಬ ಮನುಷ್ಯ ಕೂತು ವಾರಗಟ್ಟಲೆ ಮಾತಾಡಬೇಕು. ಅದಕ್ಕೆ ಆ ಹಾಸ್ಯಾಸ್ಪದ ಕತೆ ಜರಡಿ ಥರ ಕೆಲಸ ಮಾಡುತ್ತೆ. ಅನುಮಾನ ಇರೋರು ಮೊದಲೇ ಉದುರಿ ಹೋಗ್ತಾರೆ, ಕೊನೇತನಕ ನಂಬೋರು ಮಾತ್ರ ಉಳೀತಾರೆ.

ನನಗೆ ಈ ವಿವರಣೆ ಇಷ್ಟ ಆಗೋಕೆ ಕಾರಣ ಇದೆ. ನಂಬಿದ ಹಾಗೆ ನಟಿಸಿ, ಒಂದು ಪೈಸೆನೂ ಕೊಡದೆ, ಬರೀ ಮಾತಾಡ್ತಾ ಇರೋ ಜನ ಸಾಕಷ್ಟು ಸಿಕ್ಕಿಬಿಟ್ರೆ ವಂಚಕನ ಲೆಕ್ಕಾಚಾರ ಪೂರ್ತಿ ತಲೆಕೆಳಗಾಗುತ್ತೆ. ಇದನ್ನೇ ಮಾಡೋರನ್ನ ಸ್ಕ್ಯಾಮ್‌ಬೇಟರ್ಸ್ ಅಂತಾರೆ.

2000ರ ದಶಕದಲ್ಲಿ ಬ್ರಿಟನ್ನಿನ ಒಬ್ಬ ಬೇಟರ್, ಕಲಾಕೃತಿಗಳಿಗೆ ದುಡ್ಡು ಕೊಡೋ ಶ್ರೀಮಂತನ ವೇಷ ಹಾಕಿದ. ಎದುರಿಗಿದ್ದ ವಂಚಕ ದುಡ್ಡಿನ ಆಸೆಗೆ ಕೊಮೊಡೋರ್ 64 ಅನ್ನೋ ಹಳೇ ಕಂಪ್ಯೂಟರನ್ನ ಮರದಲ್ಲಿ ಕೆತ್ತಿಸಿ ಕಳಿಸಿದ. ಕೀಬೋರ್ಡಿನ ಒಂದೊಂದು ಕೀನೂ ಬಿಡಿಬಿಡಿಯಾಗಿ ಕಾಣೋ ಕೆತ್ತನೆ ಅದು. ಅಷ್ಟು ದಿನ ಅವನ ಗಮನ ಆ ಮರದ ಮೇಲಿತ್ತು, ಯಾರದೋ ಅಜ್ಜಿಯ ಉಳಿತಾಯದ ಮೇಲಿರಲಿಲ್ಲ.

ನಮ್ಮ ವಿಜಯಪುರದವರ ವಿಷಯ ಹೇಳಲೇಬೇಕು. 2024ರ ಅಕ್ಟೋಬರ್ 27ರ ಮನ್ ಕಿ ಬಾತ್‌ನಲ್ಲಿ ಪ್ರಧಾನಿ ಕೇಳಿಸಿದ ಆಡಿಯೋ ನೆನಪಿದೆಯಾ? ಅದು ಇಮೇಲ್ ಅಲ್ಲ, ಡಿಜಿಟಲ್ ಅರೆಸ್ಟ್ ಅನ್ನೋ ವಿಡಿಯೋ ಕಾಲ್ ದಂಧೆ. ಆ ಕಡೆಯವನು ಪೊಲೀಸ್ ಅಂತ ಗದರಿಸ್ತಾ ಆಧಾರ್ ತೋರಿಸು ಅಂತಾನೆ. ಈ ಕಡೆಯವರು ತಣ್ಣಗೆ, ಸರ್, ಕಾರ್ಡ್ ಇಲ್ಲಿಲ್ಲ ಸರ್. ಫೋನಲ್ಲಿ ಫೋಟೋ? ಇಲ್ಲ ಸರ್. ನಂಬರ್ ನೆನಪಿದೆಯಾ? ಇಲ್ಲ ಸರ್. ಅಷ್ಟರಲ್ಲಿ ಆ ಕಡೆ ಇನ್ನೊಬ್ಬ ಬಂದು ‘ಜೈ ಹಿಂದ್’ ಅಂತ ಬೇರೆ ಹೇಳ್ತಾನೆ. ಆ ಇಡೀ ನಾಟಕವನ್ನ ನಮ್ಮವರು ರೆಕಾರ್ಡ್ ಮಾಡ್ಕೊಂಡು, ದೇಶಕ್ಕೇ ಕೇಳೋ ಹಾಗೆ ಮಾಡಿದ್ರು. ಹೆದರದೆ ‘ಇಲ್ಲ ಸರ್’ ಅಂತ ಕೂತ ಆ ಧ್ವನಿ ಕೇಳಿದ್ರೆ ನನಗೆ ಈಗಲೂ ಹೆಮ್ಮೆ.

ಆದ್ರೆ ಈ ಬೇಟಿಂಗ್ ಲೋಕದಲ್ಲಿ ನಾನು ಒಪ್ಪದೇ ಇರೋ ಭಾಗನೂ ಇದೆ. ವಂಚಕನಿಂದ ಅವಮಾನದ ಬೋರ್ಡ್ ಹಿಡಿಸಿ ಫೋಟೋ ತೆಗೆಸೋದು, ಅದನ್ನ ಟ್ರೋಫಿ ಅಂತ ಹಂಚೋದು. ಅದಕ್ಕಿಂತ ಕೆಟ್ಟದ್ದು ಸಫಾರಿ, ಅಂದ್ರೆ ದುಡ್ಡು ಸಿಗುತ್ತೆ ಅಂತ ಆಸೆ ತೋರಿಸಿ ದೂರದೂರಿಗೆ ಓಡಿಸೋದು. 2008ರಲ್ಲಿ ಅಮೆರಿಕದ ರೇಡಿಯೋದಲ್ಲಿ ಹೀಗೊಂದು ಘಟನೆ ಬಂತು. ನೈಜೀರಿಯಾದ ಒಬ್ಬ ವಂಚಕನನ್ನ ಚಾಡ್ ದೇಶದ ಅಬೆಶೆ ಊರಿಗೆ ಕಳಿಸಿದ್ರು. ಸುಡಾನ್ ದೇಶದ ದಾರ್ಫುರ್ ಗಡಿ ಹತ್ತಿರದ, ಯುದ್ಧ ನಡೀತಿದ್ದ ಪ್ರದೇಶ ಅದು. ಅವನು ಕಳ್ಳ, ನಿಜ. ಆದ್ರೆ ಅಲ್ಲಿ ಗುಂಡು ತಗುಲಿ ಸತ್ತಿದ್ರೆ ಯಾರ ದುಡ್ಡು ವಾಪಸ್ ಬರ್ತಿತ್ತು?

ಎದುರಿಗೆ ಟೈಪ್ ಮಾಡ್ತಿರೋದು ಯಾರು ಅನ್ನೋದೂ ಈಗ ಅಷ್ಟು ಸುಲಭವಾಗಿ ಹೇಳೋಕಾಗಲ್ಲ. 2025ರ ಮಾರ್ಚ್‌ನಲ್ಲಿ ಮ್ಯಾನ್ಮಾರ್‌ನ ವಂಚನೆ ಕೇಂದ್ರಗಳಿಂದ ಹೊರಬಂದ 500ಕ್ಕೂ ಹೆಚ್ಚು ಭಾರತೀಯರನ್ನ ನಮ್ಮ ವಾಯುಪಡೆಯ ವಿಮಾನಗಳು ಕರ್ಕೊಂಡು ಬಂದ್ವು. ಒಳ್ಳೆ ಕೆಲಸ ಅಂತ ನಂಬಿ ಹೋಗಿ, ಪಾಸ್‌ಪೋರ್ಟ್ ಕಿತ್ಕೊಳ್ಳೋರ ಕೈಗೆ ಸಿಕ್ಕಿ, ಹೊಡೆತ ತಿಂದು ಈ ಕೆಲಸ ಮಾಡಿದವರು ಅಂಥ ಕಡೆ ಎಷ್ಟೋ ಜನ. ಅಂಥವನ ಕೈಯಲ್ಲಿ ಅವಮಾನದ ಬೋರ್ಡ್ ಹಿಡಿಸಿ ನಗೋದು ನನ್ನಿಂದ ಆಗಲ್ಲ.

ಅದಕ್ಕೇ ನನಗೆ ಜಿಮ್ ಬ್ರೌನಿಂಗ್ ಅನ್ನೋ ಹೆಸರಲ್ಲಿ ಕೆಲಸ ಮಾಡೋ ಉತ್ತರ ಐರ್ಲೆಂಡಿನ ಯೂಟ್ಯೂಬರ್ ಮೇಲೆ ಗೌರವ. ವಂಚಕರ ಕಂಪ್ಯೂಟರ್ ಒಳಗೇ ಹೊಕ್ಕು, ಮೋಸ ನಡೀತಿರೋವಾಗಲೇ ಆ ಕಡೆಯ ವೃದ್ಧರಿಗೆ ಫೋನ್ ಮಾಡಿ ಎಚ್ಚರಿಸ್ತಾರೆ. 2020ರಲ್ಲಿ ಬಿಬಿಸಿ ಅವರ ಜೊತೆ ಸೇರಿ ಗುರುಗ್ರಾಮದ ಒಂದು ಕಾಲ್ ಸೆಂಟರನ್ನ ಬಯಲು ಮಾಡ್ತು. ಅಷ್ಟು ಬಲ್ಲ ಮನುಷ್ಯನನ್ನೇ 2021ರಲ್ಲಿ ವಂಚಕರು ನಂಬಿಸಿ, ಅವರ ಕೈಯಿಂದಲೇ ಅವರ ಚಾನೆಲ್ ಡಿಲೀಟ್ ಮಾಡಿಸಿದ್ರು. ಚಾನೆಲ್ ವಾಪಸ್ ಸಿಕ್ತು, ನಡೆದಿದ್ದನ್ನ ಅವರೇ ಹೇಳ್ಕೊಂಡ್ರು.

ಈಗ ಈ ಕೆಲಸಕ್ಕೆ ಯಂತ್ರಗಳೂ ಬಂದಿವೆ. 2017ರಲ್ಲಿ ನ್ಯೂಜಿಲೆಂಡಿನ ನೆಟ್‌ಸೇಫ್ ಸಂಸ್ಥೆ ರಿಸ್ಕ್ಯಾಮ್ ಅಂತ ಒಂದು ಬಾಟ್ ಮಾಡ್ತು. ನಿಮಗೆ ಬಂದ ಮೇಲನ್ನ ಅದಕ್ಕೆ ಕಳಿಸಿದ್ರೆ ವಂಚಕನ ಜೊತೆ ಅದೇ ಮಾತಾಡ್ತಿತ್ತು. ಬ್ಯಾಂಕ್ ಖಾತೆ ಸಂಖ್ಯೆ ಕೇಳಿದ್ರೆ ಒಂದೊಂದೇ ಅಂಕಿಯಾಗಿ ಕಳಿಸ್ತೀನಿ ಅನ್ನೋದು. 2024ರ ನವೆಂಬರ್‌ನಲ್ಲಿ ಬ್ರಿಟನ್ನಿನ ಒಟು (O2) ಅನ್ನೋ ಮೊಬೈಲ್ ಕಂಪನಿ ಡೇಜಿ ಅನ್ನೋ ಎಐ ಅಜ್ಜಿಯನ್ನ ತಂತು. ಆಕೆ ಬೆಕ್ಕಿನ ವಿಷಯ, ಹೆಣಿಗೆ ವಿಷಯ ಹೇಳ್ತಾ ಫೋನ್ ವಂಚಕರನ್ನ 40 ನಿಮಿಷದ ತನಕ ಹಿಡಿದು ಕೂರಿಸ್ತಾಳೆ. ಯಂತ್ರಕ್ಕೆ ಮನೆ ವಿಳಾಸ ಇಲ್ಲ, ಸೇಡು ತೀರಿಸ್ಕೊಳ್ಳೋಕೆ ಯಾರೂ ಬರಲ್ಲ. ನಿಮಗೆ ವಿಳಾಸ ಇದೆ, ಕುಟುಂಬ ಇದೆ. ಅದಕ್ಕೆ ಈ ವಿಡಿಯೋ ನೋಡಿ ಹುರುಪು ಬಂತು ಅಂತ ನಿಮ್ಮ ಸ್ವಂತ ಇಮೇಲಿಂದ, ಸ್ವಂತ ನಂಬರಿಂದ ಉತ್ತರ ಕೊಡೋಕೆ ದಯವಿಟ್ಟು ಹೋಗಬೇಡಿ.

ಆಗಲೇ ದುಡ್ಡು ಹೋಗಿದ್ರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಆ ಕ್ಷಣವೇ ಫೋನ್ ಮಾಡಿ. ಹಣ ಇನ್ನೊಂದು ಖಾತೆಗೆ ಜಾರೋ ಮುಂಚೆ ತಡೆ ಹಿಡಿಯೋ ಅವಕಾಶ ಇರೋದು ಆಗಲೇ. ಎಷ್ಟು ಹೊತ್ತಿಗೆ, ಯಾವ ಖಾತೆಗೆ ಹೋಯ್ತು, ಟ್ರಾನ್ಸಾಕ್ಷನ್ ನಂಬರ್ ಏನು ಅನ್ನೋದನ್ನ ಕೈಯಲ್ಲಿ ಇಟ್ಕೊಂಡಿರಿ. ಮೇಲ್ ಡಿಲೀಟ್ ಮಾಡಬೇಡಿ, ಅದರಲ್ಲಿರೋ ಖಾತೆ ಸಂಖ್ಯೆ ಪೊಲೀಸರಿಗೆ ಬೇಕು. ಇನ್ನೊಂದು ವಿಷಯ. ಕೆಲವು ವಾರ ಬಿಟ್ಟು ಯಾರೋ ಫೋನ್ ಮಾಡಿ, ನಿಮ್ಮ ಹಣ ಸಿಕ್ಕಿದೆ, ಬಿಡಿಸೋಕೆ ಸಣ್ಣ ಫೀಸ್ ಕಟ್ಟಿ ಅಂತಾರೆ. ಕಟ್ಟಬೇಡಿ. ಅದು ಅದೇ ಗುಂಪು, ಅಥವಾ ನಿಮ್ಮ ಹೆಸರು ಅವರಿಂದ ಕೊಂಡ್ಕೊಂಡ ಇನ್ನೊಂದು ಗುಂಪು. ಫೋನ್ ಇಟ್ಟು, ಆ ನಂಬರನ್ನೂ 1930ಕ್ಕೆ ಕೊಡಿ.