ಕಾವೇರಿಯ ಸಿಟ್ಟು ಮತ್ತು ಅಂತರಜಾಲ

ಕೇಳುಗ ಬಂಧುಗಳಿಗೆ ನಮಸ್ಕಾರ.

ಅಂತರಜಾಲ ಬಂದ ಮೇಲೆ ಮಾತಿನ ಮರ್ಯಾದೆ ಹೋಯಿತು, ರಾಜಕೀಯ ಒಡಕು ಹೆಚ್ಚಿತು ಎಂದು ಅನೇಕರು ನೊಂದು ಹೇಳುತ್ತಾರೆ. ಈ ಮಾತು ಎಷ್ಟರ ಮಟ್ಟಿಗೆ ನಿಜ ಎಂಬುದನ್ನು ತಿಳಿಯಲು ಕಾವೇರಿ ವಿವಾದದ ಎರಡು ಘಟ್ಟಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ನೀರು ಹರಿಸಬೇಕೆಂಬ ನ್ಯಾಯಮಂಡಳಿಯ ಮಧ್ಯಂತರ ಆದೇಶವನ್ನು ಕೇಂದ್ರ ಸರ್ಕಾರ 1991ರ ಡಿಸೆಂಬರ್‌ನಲ್ಲಿ ರಾಜಪತ್ರದಲ್ಲಿ ಪ್ರಕಟಿಸಿದಾಗ ಬೆಂಗಳೂರಿನಲ್ಲಿಯೂ ಮೈಸೂರು ಸೀಮೆಯಲ್ಲಿಯೂ ತಮಿಳರ ಮೇಲೆ ದಾಳಿಗಳಾದವು. ಜೀವಗಳು ಹೋದವು, ಸಾವಿರಾರು ಮಂದಿ ಊರು ಬಿಟ್ಟರು. ಆಗ ಜನಸಾಮಾನ್ಯರಿಗೆ ಮೊಬೈಲೂ ಇರಲಿಲ್ಲ, ಅಂತರಜಾಲವೂ ಇರಲಿಲ್ಲ. ದ್ವೇಷವನ್ನು ಹುಟ್ಟಿಸಿದ್ದೇ ಅಂತರಜಾಲ ಎಂಬ ವಾದವನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ.

ಆದರೆ 2016ರ ಸೆಪ್ಟೆಂಬರ್‌ನಲ್ಲಿ ನಡೆದದ್ದು ಬೇರೆ ಬಗೆಯದು. ದಿನಕ್ಕೆ 15,000 ಕ್ಯೂಸೆಕ್‌ನಂತೆ ಹತ್ತು ದಿನ ನೀರು ಬಿಡಬೇಕೆಂದು ಸುಪ್ರೀಂ ಕೋರ್ಟ್ 5ನೇ ತಾರೀಕು ಆದೇಶಿಸಿತು. ಕೆಲವೇ ದಿನಗಳಲ್ಲಿ, ಕನ್ನಡ ಚಿತ್ರನಟರನ್ನು ಫೇಸ್‌ಬುಕ್‌ನಲ್ಲಿ ಅಣಕಿಸಿದನೆಂದು ಬೆಂಗಳೂರಿನ ತಮಿಳು ವಿದ್ಯಾರ್ಥಿಯೊಬ್ಬನನ್ನು ಕೆಲವರು ಹುಡುಕಿ ಹಿಡಿದು ಹೊಡೆದರು, ಕ್ಷಮೆ ಕೇಳಿಸಿದರು, ಅದನ್ನೆಲ್ಲ ಚಿತ್ರೀಕರಿಸಿ ಹರಿಯಬಿಟ್ಟರು. ಆ ದೃಶ್ಯ ತಮಿಳುನಾಡನ್ನು ತಲುಪಿತು. ರಾಮೇಶ್ವರದಲ್ಲಿ ಕನ್ನಡಿಗ ಚಾಲಕನೊಬ್ಬನಿಗೆ ಹೊಡೆದರು. ಆ ದೃಶ್ಯ ಇಲ್ಲಿಗೆ ಬಂತು. 12ರಂದು ಬೆಳಗಾಗುವ ಮೊದಲೇ ಚೆನ್ನೈಯ ಹೋಟೆಲೊಂದರ ಮೇಲೆ ಪೆಟ್ರೋಲ್ ಬಾಂಬ್ ಬಿದ್ದಿತ್ತು, ಕತ್ತಲಾಗುವ ಹೊತ್ತಿಗೆ ಬೆಂಗಳೂರಿನಲ್ಲಿ ಹತ್ತಾರು ಬಸ್ಸುಗಳು ಸುಟ್ಟು 16 ಪೊಲೀಸ್ ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಜಾರಿಯಾಗಿತ್ತು.

ಒಂದು ಬೀದಿಯಲ್ಲಿ ಮುಗಿಯಬಹುದಾಗಿದ್ದ ಹೊಡೆತ ಎರಡು ರಾಜ್ಯಗಳ ಮಾನದ ಪ್ರಶ್ನೆಯಾಯಿತು. ಇದರಲ್ಲಿ ಟಿವಿ ವಾಹಿನಿಗಳ ಪಾಲೂ ಸಣ್ಣದಲ್ಲ. ಆದರೂ ನನ್ನನ್ನು ಹೆಚ್ಚು ಕಾಡುವುದು, ಹೊಡೆದವರೇ ಹೊಡೆತವನ್ನು ಚಿತ್ರೀಕರಿಸಿದರೆಂಬ ಸಂಗತಿ. ನೋಡುವವರು ಇದ್ದಾರೆಂಬ ಭರವಸೆಯೇ ಅವರ ಕೈಯೆತ್ತಿಸಿತ್ತು. ಹಿಂದೆ ಸುದ್ದಿ ಒಂದು ಊರಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಹಿರಿಯರೊಬ್ಬರು ಬುದ್ಧಿ ಹೇಳುವುದಕ್ಕೆ, ಪೊಲೀಸರು ಬರುವುದಕ್ಕೆ, ಸಿಟ್ಟು ಇಳಿಯುವುದಕ್ಕೆ ಅಷ್ಟಿಷ್ಟು ಸಮಯ ಸಿಗುತ್ತಿತ್ತು. ಅಂತರಜಾಲ ಕಸಿದುಕೊಂಡದ್ದು ಆ ಸಮಯವನ್ನು.

ಅದು ಕಸಿದ ಇನ್ನೊಂದು ವಸ್ತು ಎದುರಿನವರ ಮುಖ. 2002ರ ಬರದಲ್ಲಿ ಎರಡೂ ಕಡೆ ಸಿಟ್ಟು ಕುದಿಯುತ್ತಿದ್ದಾಗ, ಎರಡೂ ರಾಜ್ಯಗಳ ರೈತರು 2003ರಲ್ಲಿ ಚೆನ್ನೈನಲ್ಲಿ ಸೇರಿ 'ಕಾವೇರಿ ಕುಟುಂಬ' ಎಂಬ ವೇದಿಕೆ ಕಟ್ಟಿದರು. ಪರಸ್ಪರರ ಗದ್ದೆಗಳಿಗೆ ಹೋದರು, ಒಣಗಿದ ನಾಲೆಗಳನ್ನು ಕಣ್ಣಾರೆ ಕಂಡರು. ವಿವಾದ ಅದರಿಂದ ಬಗೆಹರಿಯಲಿಲ್ಲ, ನಿಜ. ಆದರೆ ನೀರಿಲ್ಲದೆ ನಿಜವಾಗಿ ಬೆಳೆ ಕಳೆದುಕೊಳ್ಳುವವರೇ ಒಂದೇ ಕೋಣೆಯಲ್ಲಿ ಕುಳಿತು ಲೆಕ್ಕ ಹಾಕಬಲ್ಲವರಾಗಿದ್ದರು. ಒಂದು ಗುಂಟೆ ಭತ್ತವನ್ನೂ ಬೆಳೆಯದ ನಗರದ ಜನ ಫೋನಿನಲ್ಲಿ ಪರಸ್ಪರರ ತಾಯಂದಿರನ್ನು ಬೈಯುತ್ತಿರುವುದನ್ನು ಕಂಡಾಗ ನನಗೆ ನಾಚಿಕೆಯಾಗುತ್ತದೆ.

ಹೀಗೇ ಆಗಬೇಕೆಂದೇನೂ ಇಲ್ಲ. ಮಕ್ಕಳ ಕಳ್ಳರೆಂಬ ವದಂತಿಯಿಂದ ಅಮಾಯಕರ ಕೊಲೆಗಳಾದ ಮೇಲೆ ವಾಟ್ಸ್‌ಆ್ಯಪ್ 2018ರಲ್ಲಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಕಳಿಸುವಂತೆ ಮಿತಿ ಹಾಕಿತು. ಬಹಳ ಸಲ ಕೈಬದಲಿಸಿದ ಸಂದೇಶಕ್ಕೆ 2020ರಲ್ಲಿ ಆ ಮಿತಿಯನ್ನು ಒಂದಕ್ಕೆ ಇಳಿಸಿತು. ವೇಗವನ್ನು ತಗ್ಗಿಸಲು ಬರುತ್ತದೆ ಎಂದಾಯಿತು. ಮಳೆ ಕೈಕೊಟ್ಟ 2023ರಲ್ಲಿ, ಫೋನುಗಳು ಮೊದಲಿಗಿಂತ ಹೆಚ್ಚಾಗಿದ್ದರೂ, ಪೊಲೀಸರು ಮುಂಚಿತವಾಗಿ ಸಜ್ಜಾಗಿದ್ದುದರಿಂದ ಬೆಂಗಳೂರು ಬಂದ್ ಬಹುಮಟ್ಟಿಗೆ ಶಾಂತವಾಗಿ ಕಳೆಯಿತು.

ಮುಂದಿನ ಬರದ ವರ್ಷಕ್ಕೆ ಮೊದಲು ಒಂದು ಕೆಲಸವನ್ನಾದರೂ ಮಾಡಬಹುದು: ಕೃಷ್ಣರಾಜಸಾಗರ ಮತ್ತು ಮೆಟ್ಟೂರಿನ ಆ ದಿನದ ನೀರಿನ ಮಟ್ಟ, ಒಳಹರಿವು, ಹೊರಹರಿವುಗಳನ್ನು ಎರಡೂ ಸರ್ಕಾರಗಳು ಜೊತೆಯಾಗಿ, ಕನ್ನಡ ಮತ್ತು ತಮಿಳಿನಲ್ಲಿ, ಪ್ರತಿದಿನ ಬೆಳಗ್ಗೆ ಜನರ ಫೋನಿಗೇ ಕಳಿಸಲಿ.